ಲಾಲ್‌ಸಾಬನ ಕಾಯಿಲೆಯ ಹೆಸರು

ಚನ್ನಗಿರಿಯ ಮದುವೆ ಅಡಿಗೆಯ ಬಾವರ್ಚಿ ಲಾಲ್‌ಸಾಬನ ಕಾಯಿಲೆಯ ಹೆಸರನ್ನು ಊರಿಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಸ್ವತಃ ಲಾಲ್‌ಸಾಬನೇ. ಅದೂ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ, ನಾಲ್ಕು ಜನ ಕೂತಿರುವಾಗ, ದೊಡ್ಡ ದನಿಯಲ್ಲಿ. ಅವನ ಹೆಂಡತಿ ಹಜೀರಾ ಅದನ್ನು ಈಗಲೂ ನೆನೆಯುತ್ತಾಳೆ. ಆವತ್ತು ಅವನ ಜೊತೆ ತಾನೂ ಆಸ್ಪತ್ರೆಗೆ ಹೋಗಿದ್ದರೆ ನೆಟ್ಟಗೆ ಮನೆಗೆ ಕರೆದುಕೊಂಡು ಬರಬಹುದಿತ್ತು ಅನ್ನಿಸುತ್ತದೆ.

ಲಾಲ್‌ಸಾಬನದು ಪಿಂಜಾರರ ಮನೆ. ಅಪ್ಪ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮನೆಮಾತು ಕನ್ನಡವೇ. ಗಾದಿಯ ಕಾಲ ಮುಗಿಯುತ್ತ ಬಂದಾಗ ಮಗ ಅಡಿಗೆಯವರ ಹಿಂದೆ ಹೋಗಿ ಕೈ ಪಳಗಿಸಿಕೊಂಡ. ಅವನಿಗೆ ಮೂವತ್ತಾಗುವ ಹೊತ್ತಿಗೆ ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮುಸಲ್ಮಾನರ ಮದುವೆ ಎಂದರೆ ಲಾಲ್‌ಸಾಬನ ಬಿರಿಯಾನಿಯೇ ಆಗಬೇಕು ಎನ್ನುವಂತಾಗಿತ್ತು. ಷಾದಿಮಹಲಿನ ಹಿತ್ತಲಲ್ಲಿ ತಾಮ್ರದ ದೊಡ್ಡ ಡೇಗುಗಳನ್ನು ಒಲೆಗೇರಿಸಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಕೆಂಡ ಹರಡಿ ದಮ್ಮಿಗೆ ಬಿಟ್ಟು ಅವನು ಪಕ್ಕದಲ್ಲಿ ಕೂತನೆಂದರೆ ಮದುವೆ ಮನೆಯ ಯಜಮಾನ ನಿಶ್ಚಿಂತೆಯಿಂದ ಬಂದವರನ್ನು ಮಾತಾಡಿಸಬಹುದಿತ್ತು. ಬೀಡಿ, ಎಲೆ ಅಡಿಕೆ ಯಾವುದೂ ಇಲ್ಲದ ಮನುಷ್ಯ. ಇದ್ದ ಚಟ ಒಂದೇ, ರುಚಿ ನೋಡುವುದು. ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಅಂಗೈಗೆ ಸುರಿದುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ ಪುದೀನ" ಎನ್ನುವನು. ಜೊತೆಗೆ ಗಳಿಗೆಗೊಂದು ಸಲ ಸಕ್ಕರೆ ಸುರಿದ ಚಹಾ. ನಲವತ್ತೈದಕ್ಕೆಲ್ಲ ಹೊಟ್ಟೆ ಮುಂದೆ ಬಂತು, ಸಕ್ಕರೆ ಕಾಯಿಲೆ ಬಂತು. ಬಾವರ್ಚಿ ಸಣ್ಣಗಿದ್ದರೆ ಅವನ ಅಡಿಗೆ ಯಾರು ನಂಬುತ್ತಾರೆ ಎಂದು ನಕ್ಕು ಸುಮ್ಮನಾಗುತ್ತಿದ್ದ.

ಕರೋನಾ ಬಂದು ಮದುವೆಗಳು ನಿಂತು, ಮನೆಯಲ್ಲೇ ಕೂತು, ಮೈ ಇನ್ನಷ್ಟು ಭಾರವಾಯಿತು. ಮರುವರ್ಷ ಕೆಲಸ ಶುರುವಾದಾಗ ಡೇಗು ತಿರುವಲು ನಿಂತರೆ ಉಸಿರು ಹತ್ತತೊಡಗಿತು. ಬಲ ಪಕ್ಕೆಯ ಕೆಳಗೆ ಕಲ್ಲು ಕೂತ ಹಾಗೆ ಅಂದ. ದಾವಣಗೆರೆಯಿಂದ ವಾರಕ್ಕೊಮ್ಮೆ ಬಂದು ಹೋಗುವ ಡಾಕ್ಟರೊಬ್ಬರು ಸ್ಕ್ಯಾನಿಂಗ್ ಮಾಡಿಸಿದರು. ಬಾಗಿಲಲ್ಲಿ ಇನ್ನೂ ಬಹಳ ಜನ ಕಾದಿದ್ದರು. ಡಾಕ್ಟರು ತಲೆ ಎತ್ತದೆ, "ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್. ತೂಕ ಇಳಿಸಿ, ಸಕ್ಕರೆ ಹತೋಟಿಯಲ್ಲಿಡಿ, ಆರು ತಿಂಗಳಿಗೆ ಬನ್ನಿ" ಎಂದು ಮುಂದಿನವರನ್ನು ಕರೆದರು.

ಲಾಲ್‌ಸಾಬನಿಗೆ ಶಾಲೆ ಮೂರನೇ ಕ್ಲಾಸಿಗೇ ಮುಗಿದಿತ್ತು. ಆದರೂ ಕೇಳಿದ್ದನ್ನು ಮರೆಯುವವನಲ್ಲ. ದಾರಿಯುದ್ದಕ್ಕೂ ಆ ಇಂಗ್ಲಿಷ್ ಮಾತನ್ನು ಬಾಯಲ್ಲಿ ಹೊರಳಿಸುತ್ತ ಬಂದ. ಟೀ ಅಂಗಡಿಯ ಬೆಂಚಿನ ಮೇಲೆ ಬುಡೇನ್‌ಸಾಬರು ಕೂತಿದ್ದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಸೀದಿಯ ಕಮಿಟಿಯಲ್ಲಿದ್ದವರು, ಅವರ ಮಾತಿಗೆ ಜಮಾತಿನಲ್ಲಿ ಬೆಲೆಯಿತ್ತು.

"ಏನಂದ್ರಪ್ಪ ಡಾಕ್ಟ್ರು?" ಎಂದು ಅವರು ಕೇಳಿದರು.

"ನಾನ್ ಆಲ್ಕೊಹಾಲಿಕ್ ಅಂತ ರೀ," ಎಂದ ಲಾಲ್‌ಸಾಬ, ಪೂರ್ತಿ ನೆನಪಿಟ್ಟುಕೊಂಡ ಹೆಮ್ಮೆಯಲ್ಲಿ.

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆಲ್ಕೊಹಾಲ್ ಎಂದರೆ ಏನೆಂದು ಅಲ್ಲಿ ಅವನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ಗೊತ್ತಿತ್ತು. ನಾನ್ ಎಂದದ್ದು ಅವರ ಕಿವಿಗೆ ನಾನು ಎಂದೇ ಬಿತ್ತು.

"ಯಾವಾಗಿಂದ?" ಎಂದರು ಬುಡೇನ್‌ಸಾಬರು, ಮೆಲ್ಲಗೆ.

"ಬಾಳ ವರ್ಷದಿಂದ ಇರಬೇಕ್ರಿ. ಒಳಗೊಳಗೇ ಇರ್ತೈತಂತೆ, ಹೊರಗಿನೋರಿಗೆ ಗೊತ್ತಾಗೋದೇ ಇಲ್ಲಂತೆ, ಸ್ಕ್ಯಾನಿಂಗಿನೋರು ಅಂದ್ರು."

ಯಾರೋ ಒಬ್ಬ ನಗು ತಡೆಯಲಾರದೆ ಎದ್ದು ಹೋದ. ಲಾಲ್‌ಸಾಬ ಸಕ್ಕರೆ ಇಲ್ಲದ ಚಹಾ ಹೇಳಿ, ಕುಡಿದು, ಮನೆಗೆ ಬಂದ.

ಮುಂದಿನ ಶುಕ್ರವಾರದ ನಮಾಜಿನ ಹೊತ್ತಿಗೆ ಮಾತು ಊರೆಲ್ಲ ಹರಡಿತ್ತು. ಅದನ್ನು ಮನೆಗೆ ತಂದವನು ಲಾಲ್‌ಸಾಬನ ತಮ್ಮ ಮುಬಾರಕ್, ಅಣ್ಣನ ಜೊತೆಯಲ್ಲೇ ಅಡಿಗೆ ಮಾಡುವವನು. "ಭಾಬಿ, ಅಣ್ಣ ಏನ್ ಹೇಳ್ಕೊಂಡು ಬಂದಾನೆ ಗೊತ್ತೈತಾ?" ಎಂದು ಹಜೀರಾಳಿಗೆ ಎಲ್ಲ ಹೇಳಿದ. ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗ ಫಯಾಜ್ ಮಧ್ಯಾಹ್ನ ಊಟಕ್ಕೆ ಬಂದವನು ತಲೆ ಚಚ್ಚಿಕೊಂಡ. "ಅಪ್ಪಾ, ನಾನ್ ಅಂದ್ರೆ ಇಂಗ್ಲಿಷಿನಾಗೆ ಅಲ್ಲ ಅಂತ. ಕುಡಿತದಿಂದ ಬಂದಿದ್ದಲ್ಲ ಅಂತ ಅದರ ಅರ್ಥ."

ಲಾಲ್‌ಸಾಬ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಟೀ ಅಂಗಡಿಗೆ ಹೋದ. ಬಿಡಿಸಿ ಬಿಡಿಸಿ ಹೇಳಿದ. ಬುಡೇನ್‌ಸಾಬರು ತಾಳ್ಮೆಯಿಂದ ಕೇಳಿ, "ಆಯ್ತಪ್ಪ. ಆದ್ರೆ ಒಂದು ಮಾತು ಹೇಳು. ನನಗೂ ಮೊಣಕಾಲು ನೋವೈತೆ. ಕುಡಿತದ್ದಲ್ಲದ ಮೊಣಕಾಲು ನೋವು ಅಂತ ಯಾವ ಡಾಕ್ಟ್ರೂ ನನಗೆ ಹೇಳಿಲ್ಲ. ಇಲ್ಲದ ಮಾತು ನಿನ್ನ ಕಾಯಿಲೆಗೆ ಯಾಕೆ ಬಂದು ಸೇರ್ಕೊಂತು?" ಎಂದರು. ಲಾಲ್‌ಸಾಬ ಮತ್ತೆ ಮೊದಲಿನಿಂದ ಬಿಡಿಸಿ ಹೇಳಿದ. ಹೇಳಿದಷ್ಟೂ ಆ ಮಾತು ಬಾಯಿಂದ ಬಾಯಿಗೆ ಗಟ್ಟಿಯಾಯಿತು.

ನ್ಯಾಮತಿಯ ಮದುವೆಯವರು ಆಗಲೇ ಒಪ್ಪಿಸಿದ್ದ ಅಡಿಗೆಯನ್ನು ಬಿಡಿಸಿಕೊಂಡರು. ನಿಯಾಜಿನ ಅಡಿಗೆಗೂ ಅವನನ್ನು ಕರೆಯುವುದು ನಿಂತಿತು. ದೇವರ ಹೆಸರಿನಲ್ಲಿ ಹಂಚುವ ಅನ್ನಕ್ಕೆ ಕುಡಿದ ಕೈ ತಾಗಬಾರದು ಎಂದರಂತೆ. ಹೊನ್ನಾಳಿಯವರು ಮುಬಾರಕನಿಗೆ ನೇರವಾಗಿ ಫೋನ್ ಮಾಡತೊಡಗಿದರು. ಮುಬಾರಕ್ ಮೊದಮೊದಲು ಬಂದು ಅಣ್ಣನನ್ನು ಕೇಳಿ ಹೋಗುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟು ಡೇಗುಗಳನ್ನಷ್ಟೇ ಒಯ್ಯುತ್ತಿದ್ದ.

ಇಷ್ಟಾದರೂ ಲಾಲ್‌ಸಾಬ ತಡೆದುಕೊಳ್ಳುತ್ತಿದ್ದನೇನೋ. ಒಂದು ಮಧ್ಯಾಹ್ನ ಗಂಡ ಹೆಂಡತಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹಜೀರಾಳ ಮನಸ್ಸಿನಲ್ಲಿ ಎಷ್ಟೋ ದಿನದಿಂದ ಒಂದು ಮುಳ್ಳು ಆಡುತ್ತಿತ್ತು. ಊರಿಗೆ ಊರೇ ಹೇಳುವಾಗ ಒಂದು ಎಳೆಯಾದರೂ ನಿಜವಿರಬಹುದೇ? ಎರಡೆರಡು ದಿನ ಹೊರಗೇ ಉಳಿಯುವ ಕೆಲಸ. ಜೊತೆಯವರು ಎಂಥವರೋ.

"ಸಿಟ್ಟಾಗಬ್ಯಾಡ್ರಿ," ಎಂದಳು ಕೈಯಲ್ಲಿದ್ದ ಎಸಳನ್ನೇ ನೋಡುತ್ತ. "ಜಗಳೂರು ಕಡೆ ಹೋದಾಗ... ಯಾರಾದರೂ ಬಲವಂತ ಮಾಡಿ... ಒಂದ್ ಸಲನಾದರೂ?"

ಅವನು ಸಿಟ್ಟಾಗಲಿಲ್ಲ. ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿ, ಕೈ ಕೊಡವಿದ. ಆಮೇಲೆ ಎದ್ದು ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ಆ ದಿನ ಉಣ್ಣಲಿಲ್ಲ. ಅಂದಿನಿಂದ ಆ ವಿಷಯವನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆರು ತಿಂಗಳಿಗೆ ಬನ್ನಿ ಎಂದ ಡಾಕ್ಟರ ಹತ್ತಿರ ಮತ್ತೆ ಹೋಗಲೂ ಇಲ್ಲ. ಅವಳು ನೆನಪಿಸಿದಾಗ, "ಹೋದ್ರೆ ಇನ್ನೊಂದು ಹೆಸರು ಇಡ್ತಾರೆ. ಇಟ್ಟಿರೋದೇ ಸಾಕು" ಎಂದುಬಿಟ್ಟ.

ವರ್ಷಗಳು ಕಳೆದವು. ಸಕ್ಕರೆ ಗುಳಿಗೆಯನ್ನು ನೆನಪಾದರೆ ನುಂಗಿದ, ಇಲ್ಲದಿದ್ದರೆ ಇಲ್ಲ. ಕಾಲು ಊದಿಕೊಂಡವು. ಮೈಯೆಲ್ಲ ತುರಿಕೆ. ತೋಳು ತೊಡೆ ಸೊರಗಿ, ಹೊಟ್ಟೆ ಮಾತ್ರ ನೀರು ತುಂಬಿದ ಕೊಡದಂತೆ ಬಿಗಿಯಾಯಿತು. ಮಗ ಎಳೆದರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದವನು ಬಗ್ಗಿ ರಕ್ತ ಕಾರಿದ. ಬಚ್ಚಲ ಕಲ್ಲು ಕೆಂಪಾಯಿತು. ಅವನಿಗೆ ಬೇಡ ಎನ್ನುವ ಶಕ್ತಿ ಇರಲಿಲ್ಲವಾದ್ದರಿಂದ ಫಯಾಜ್ ಗಾಡಿ ಮಾಡಿಸಿ ದಾವಣಗೆರೆಯ ಆಸ್ಪತ್ರೆಗೆ ಸಾಗಿಸಿದ.

ಅಲ್ಲಿ ಅವನನ್ನು ನೋಡಿದವರು ಡಾಕ್ಟರ್ ರಕ್ಷಾ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಂಟಲಿನಿಂದ ಪೈಪು ಇಳಿಸಿ, ಅನ್ನನಾಳದಲ್ಲಿ ಉಬ್ಬಿ ಒಡೆದಿದ್ದ ರಕ್ತನಾಳಗಳಿಗೆ ರಬ್ಬರು ಬ್ಯಾಂಡು ಹಾಕಿ ರಕ್ತ ನಿಲ್ಲಿಸಿದರು. ಎರಡು ದಿನ ಬಿಟ್ಟು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತು, "ಕುಡಿಯುವ ಅಭ್ಯಾಸ ಇತ್ತಾ?" ಎಂದು ಕೇಳಿದರು. ಎಲ್ಲರನ್ನೂ ಕೇಳುವ ಹಾಗೇ ಕೇಳಿದ್ದು. ಲಾಲ್‌ಸಾಬ ಮುಖ ತಿರುಗಿಸಿಕೊಂಡ.

"ಇಲ್ಲ," ಎಂದಳು ಹಜೀರಾ. ಅವಳ ದನಿ ಪಕ್ಕದ ಮಂಚದವರೂ ತಿರುಗಿ ನೋಡುವಷ್ಟು ಜೋರಾಗಿತ್ತು. "ಒಂದ್ ಹನಿನೂ ಇಲ್ಲ. ಆದ್ರೂ ನಿಮ್ಮೋರೊಬ್ಬರು ಕುಡುಕರ ಹೆಸರಿಟ್ಟು ಕಳಿಸಿದ್ರು."

ಡಾಕ್ಟರು ವಿವರ ಕೇಳಿದರು. ಫಯಾಜ್ ಹೇಳಿದ. ಎಲ್ಲ ಕೇಳಿಸಿಕೊಂಡ ಮೇಲೆ ಅವರು, "ಆ ಹೆಸರು ಈಗ ಇಲ್ಲಮ್ಮ" ಎಂದರು. "2023ರಲ್ಲಿ ಬೇರೆ ಬೇರೆ ದೇಶದ ಡಾಕ್ಟರುಗಳು, ರೋಗಿಗಳ ಸಂಘದವರು ಎಲ್ಲ ಸೇರಿ ತೆಗೆದುಹಾಕಿದರು. ಕುಡಿಯದವರಿಗೆ ಕುಡಿತದ ಮಾತು ಅಂಟಿಸುವುದು ಬೇಡ, ಫ್ಯಾಟಿ ಅಂತ ಹೀಯಾಳಿಸಿದ ಹಾಗೂ ಆಗುವುದು ಬೇಡ ಅಂತ. ಈಗಿನ ಹೆಸರು ಉದ್ದ ಇದೆ. ಮೊದಲ ಮಾತು ಮೆಟಬಾಲಿಕ್. ಅಂದರೆ ಸಕ್ಕರೆ, ಬೊಜ್ಜು, ರಕ್ತದ ಕೊಬ್ಬು, ಇವುಗಳಿಂದ ಲಿವರಿಗೆ ಬಂದ ಕಾಯಿಲೆ."

ಲಾಲ್‌ಸಾಬ ತಿರುಗಿದ. "ಕುಡಿತದ ಮಾತು ಅದರಾಗೆ ಇಲ್ಲೇನ್ರಿ, ಮೇಡಮ್ಮರೇ?"

"ಇಲ್ಲ."

"ಇನ್ನೊಂದ್ ಸಲ ಹೇಳ್ರಿ."

ಅವರು ಹೇಳಿದರು. ಅವನು ಹಿಂದೆಯೇ ಹೇಳಿದ. ಮೆಟಬಾಲಿಕ್. ಆಮೇಲೆ, "ತೆಗೆದು ಇಷ್ಟು ದಿನ ಆದ್ರೂ ನಮ್ಮೂರಿಗೆ ಯಾರೂ ಹೇಳಲಿಲ್ಲವಲ್ರೀ" ಎಂದ.

ಡಾಕ್ಟರು ಹೊರಗೆ ಕರೆದು ಹಜೀರಾಳಿಗೂ ಫಯಾಜನಿಗೂ ಉಳಿದದ್ದನ್ನು ಹೇಳಿದರು. ಹೆಸರು ಬದಲಾಗಿದೆ, ಆದರೆ ಒಳಗಿನ ಕಾಯಿಲೆ ಕಾಯಲಿಲ್ಲ. ಲಿವರ್ ಕಲ್ಲಿನಂತಾಗಿದೆ. ಮೊದಲ ಸಲ ತೋರಿಸಿದಾಗಲೇ ಸ್ವಲ್ಪ ಗಟ್ಟಿಯಾಗಿತ್ತೇನೋ, ಯಾರೂ ಅಳೆದು ನೋಡಲಿಲ್ಲ. ಆಗ ತೂಕ, ಸಕ್ಕರೆ ಇಳಿಸಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲವೇನೋ. ಈಗ ಉಳಿದದ್ದು ಇರುವಷ್ಟನ್ನು ಕಾಪಾಡಿಕೊಳ್ಳುವುದು. ಉಪ್ಪು ಕಡಿಮೆ. ಮೊಟ್ಟೆ, ಬೇಳೆ ನಿಲ್ಲಿಸಬಾರದು. ಒಂದು ಸಿಹಿ ಸಿರಪ್ಪು ದಿನವೂ ಕುಡಿಸಬೇಕು. ಹೊಟ್ಟೆ ದಿನಕ್ಕೆ ಎರಡು ಮೂರು ಸಲ ಸಡಿಲವಾಗಿ ಹೋಗಬೇಕು. ಹೋಗದಿದ್ದರೆ ವಿಷ ತಲೆಗೇರುತ್ತದೆ.

"ಆಗ ಮಾತು ತೊದಲುತ್ತೆ, ಕೈ ನಡುಗುತ್ತೆ, ತೂರಾಡ್ತಾರೆ," ಎಂದರು ಡಾಕ್ಟರು. "ಕುಡಿದವರ ಹಾಗೇ ಕಾಣ್ತಾರೆ. ಹಾಗಾದರೆ ಒಂದು ಗಳಿಗೆನೂ ತಡ ಮಾಡದೆ ಕರ್ಕೊಂಡು ಬನ್ನಿ." ಹೊರಡುವಾಗ ಫಯಾಜನ ಹೊಟ್ಟೆಯ ಕಡೆ ನೋಡಿ, "ನೀವೂ ಒಂದು ಸಲ ತೋರಿಸ್ಕೊಳ್ಳಿ" ಎಂದರು.

ಊರಿಗೆ ಬಂದ ಲಾಲ್‌ಸಾಬ ಕೋಲೂರಿಕೊಂಡು ಮೊದಲು ಹೋದದ್ದು ಟೀ ಅಂಗಡಿಗೆ. ಹೊಸ ಹೆಸರನ್ನು ಹೇಳಿದ. ಯಾರೂ ಜಗಳವಾಡಲಿಲ್ಲ, ನಗಲೂ ಇಲ್ಲ. ಸಾಯುವ ಮನುಷ್ಯನ ಎದುರು ಏನು ನಗುವುದು? "ಹ್ಞೂಂ ಬಿಡಪ್ಪ, ಆರೋಗ್ಯ ನೋಡ್ಕೋ" ಎಂದರು. ಅವನು ಎದ್ದು ಬರುವಾಗ ಬೆನ್ನ ಹಿಂದೆ ಒಬ್ಬ, "ಹೆಸರು ಬದಲಾಯಿಸ್ಕೊಂಡು ಬಂದಾನೆ, ಪಾಪ" ಎಂದದ್ದು ಕಿವಿಗೆ ಬಿತ್ತು. ಮನೆಗೆ ಬಂದು ಹಜೀರಾಳಿಗೆ ಇಷ್ಟನ್ನು ಹೇಳಿ, ಮತ್ತೆ ಆ ಕಡೆ ಹೋಗಲಿಲ್ಲ.

ಹೀಗಿರುವಾಗ ಜಗಳೂರಿನ ದಸ್ತಗೀರ್‌ಸಾಬರಿಂದ ಫೋನ್ ಬಂತು. ಶೇಂಗಾ ವ್ಯಾಪಾರದವರು. ಅವರ ದೊಡ್ಡ ಮಗಳ ಮದುವೆಗೆ ಲಾಲ್‌ಸಾಬನೇ ಅಡಿಗೆ ಮಾಡಿದ್ದ. ಈಗ ಸಣ್ಣ ಮಗಳದು. ಚನ್ನಗಿರಿಯ ಮಾತು ಅಷ್ಟು ದೂರ ಹೋಗಿರಲಿಲ್ಲವೋ, ಅಥವಾ ಅವರು ಅದಕ್ಕೆ ಕಿವಿಗೊಟ್ಟಿರಲಿಲ್ಲವೋ. ಮೈ ಚೆನ್ನಾಗಿಲ್ಲ ಎಂದದ್ದಕ್ಕೆ, "ನೀವು ಕುರ್ಚಿ ಮ್ಯಾಲೆ ಕುಂತು ಹೇಳ್ರಿ ಸಾಕು, ಕೈ ನಿಮ್ಮ ತಮ್ಮಂದು ಇರಲಿ" ಎಂದರು.

ಹಜೀರಾ ತನ್ನ ಗಂಡನ ಮುಖದಲ್ಲಿ ಅಂಥ ಬೆಳಕು ಕಂಡು ವರ್ಷಗಳಾಗಿದ್ದವು. ಬೇಡ ಎಂದಳು. ಅವನು ಕೇಳಲಿಲ್ಲ. "ಕುರಿ ನಾನೇ ಆರಿಸಬೇಕು. ಮುಬಾರಕನಿಗೆ ಡೇಗು ಗೊತ್ತು, ಕುರಿ ಗೊತ್ತಿಲ್ಲ" ಎಂದು ಮದುವೆಯ ಹಿಂದಿನ ದಿನ ಬೆಳಗ್ಗೆಯೇ ಒಬ್ಬನೇ ಬಸ್ಸು ಹತ್ತಿದ. ಮುಬಾರಕ್ ಮಧ್ಯಾಹ್ನ ಸಾಮಾನಿನ ಗಾಡಿಯಲ್ಲಿ ಬರುವುದೆಂದಾಯಿತು.

ಅವನು ಹೋದ ಮೇಲೆ ಮನೆ ಗುಡಿಸುವಾಗ ಹಜೀರಾ ಗೂಡಿನಲ್ಲಿದ್ದ ಸಿರಪ್ಪಿನ ಬಾಟಲಿ ನೋಡಿದಳು. ಒಯ್ದಿರಲಿಲ್ಲ. ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಎರಡು ದಿನದ ಹಿಂದೆ ಇದ್ದಷ್ಟೇ ಇದ್ದ ಹಾಗಿತ್ತು. ಅವಳಿಗೆ ತಟ್ಟನೆ ಅರ್ಥವಾಯಿತು. ಬಸ್ಸಿನಲ್ಲಿ ಹೊಟ್ಟೆ ಸಡಿಲವಾದರೆ ಮಾನ ಹೋಗುತ್ತದೆ ಎಂದು ಮೊದಲೇ ನಿಲ್ಲಿಸಿದ್ದ. ಫೋನ್ ಮಾಡಿದಳು. ಎತ್ತಿದ. ಹಿಂದೆ ಬಸ್ಸಿನ ಸದ್ದು. "ಅವ್ವಾ, ಹತ್ತಿ ಎಲ್ಲಿಟ್ಟಿ?" ಎಂದ. ನಾಲಿಗೆ ದಪ್ಪವಾಗಿತ್ತು. ಅವನ ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು. ಆಮೇಲೆ ಮಾಡಿದ ಫೋನನ್ನು ಎತ್ತಲಿಲ್ಲ.

ಫಯಾಜನನ್ನು ಕೂಗಿ ಕರೆದು, ಉಟ್ಟ ಸೀರೆಯಲ್ಲೇ ಬುರ್ಖಾ ಹಾಕಿಕೊಂಡು ಹೊರಟಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ದಾರಿ ಹಿಡಿದಾಗ ಫಯಾಜನ ಫೋನ್ ಬಡಿದುಕೊಂಡಿತು. ದಸ್ತಗೀರ್‌ಸಾಬರು. ಅವರ ದನಿ ಅವಳಿಗೂ ಕೇಳುವಷ್ಟು ಜೋರಾಗಿತ್ತು.

"ಏನಪ್ಪಾ, ನಿಮ್ಮಪ್ಪ ಕಂಠಮಟ್ಟ ಕುಡಿದು ಬಸ್ ಸ್ಟ್ಯಾಂಡಿನಾಗೆ ಬಿದ್ದಾನೆ. ಕಂಡಕ್ಟ್ರು ರಟ್ಟೆ ಹಿಡಿದು ಇಳಿಸಿ ಹೋದ್ನಂತೆ. ಹಿಂಗಂತ ಜನ ಹೇಳ್ತಿದ್ರು, ನಾನು ನಂಬಿರಲಿಲ್ಲ."

"ಇಲ್ಲ ಸಾಹೇಬ್ರೇ, ಅದು ಕಾಯಿಲೆ! ನಿಮ್ಮ ಕಾಲಿಗೆ ಬೀಳ್ತೀನಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ..."

"ಮನೆ ತುಂಬ ಬೀಗರು ಬಂದಾರೆ. ನನ್ನ ಮಾನ ಏನಾಗಬೇಕು? ನೀವೇ ಬಂದು ಎತ್ಕೊಂಡು ಹೋಗ್ರಿ." ಫೋನ್ ಇಟ್ಟರು.

ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲು ಹೊಡೆಯುತ್ತಿತ್ತು. ಗೋಡೆಯ ಬದಿಯ ನೆರಳಿನಲ್ಲಿ ಲಾಲ್‌ಸಾಬ ಒರಗಿ ಕೂತಿದ್ದ. ಮದುವೆಗೆಂದು ಹಾಕಿಕೊಂಡಿದ್ದ ಬಿಳಿ ಅಂಗಿಗೆ ಮಣ್ಣು ಮೆತ್ತಿತ್ತು, ಪೈಜಾಮ ಒದ್ದೆಯಾಗಿತ್ತು. ಜನ ಅವನನ್ನು ಬಳಸಿಕೊಂಡು ಓಡಾಡುತ್ತಿದ್ದರು. ಪಕ್ಕದಲ್ಲಿ ಹುರಿದ ಶೇಂಗಾ ಮಾರುತ್ತಿದ್ದ ಸಿದ್ದಲಿಂಗಮ್ಮ ಎಂಬ ಮುದುಕಿ, "ನಿಮ್ಮೋರೇನವ್ವ? ಬಿಸಿಲಾಗೆ ಬಿದ್ದಿದ್ದ. ಇವರನ್ನೂ ಅವರನ್ನೂ ಕರ್ದು ನೆರಳಿಗೆ ಎಳಸಿದೆ. ಕುಡ್ದೋರ ಸಾವಾಸ ಯಾಕೆ ಬಿಡಜ್ಜಿ ಅಂದ್ರು" ಎಂದಳು. ಅವಳ ತಂಬಿಗೆ ಅವನ ಪಕ್ಕದಲ್ಲಿತ್ತು.

ಹಜೀರಾ ಕೂತು ಗಂಡನ ಮುಖ ಹಿಡಿದೆತ್ತಿದಳು. ಅವನ ಬಾಯಿಂದ ಒಂದು ವಾಸನೆ ಬಂತು. ಸಿಹಿಯಾಗಿ, ಕೊಳೆತ ಹಣ್ಣಿನಂತೆ. ಅವಳು ಅಂಥದ್ದನ್ನು ಹಿಂದೆ ಮೂಸಿರಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಆ ಗಳಿಗೆಯಲ್ಲಿ ಅವಳ ತಲೆಯಿಂದ ಹೋಯಿತು. ಹಾಗಾದರೆ ನಿಜವೇ? ಎಂದು ಅವಳು ಇನ್ನೂ ಬಗ್ಗಿ ಮೂಗನ್ನು ಅವನ ಬಾಯಿಯ ಹತ್ತಿರ ಒಯ್ದು ಮತ್ತೆ ಮೂಸಿದಳು.

ಲಾಲ್‌ಸಾಬ ಕಣ್ಣು ತೆರೆದ. ಅವಳ ಮೂಗು ತನ್ನ ಬಾಯಿಯ ಬಳಿ ಇರುವುದನ್ನು ನೋಡಿದ. ಅವನಿಗೆ ತಿಳಿಯಿತೋ ಇಲ್ಲವೋ, ಅವಳಿಗೆ ಇಂದಿಗೂ ಗೊತ್ತಿಲ್ಲ. ತೊದಲುತ್ತ, "ಕುರಿ ಚಲೋ ಅದಾವೆ" ಎಂದಷ್ಟೇ ಹೇಳಿದ. ಇನ್ನೂ ಒಂದು ಕುರಿಯನ್ನೂ ಅವನು ನೋಡಿರಲಿಲ್ಲ.

ಆಂಬುಲೆನ್ಸ್ ಬಂದು ಅಲ್ಲಿಂದ ದಾವಣಗೆರೆಗೆ. ರಕ್ಷಾ ಡಾಕ್ಟರು ಎನಿಮಾ ಕೊಡಿಸಿದರು, ಡ್ರಿಪ್ ಹಾಕಿಸಿದರು, ಹೊಟ್ಟೆಯ ನೀರು ತೆಗೆಸಿದರು. ನೀರಿಗೆ ಸೋಂಕು ತಗುಲಿತ್ತು. ಹಜೀರಾ ಹೊರಗೆ ಅವರ ಕೈ ಹಿಡಿದು, "ಮೇಡಮ್ಮರೇ, ಬಾಯಿಂದ ಒಂದು ವಾಸನೆ..." ಎಂದಳು. "ಲಿವರ್ ಪೂರ್ತಿ ಸೋತಾಗ ಬರುತ್ತೆ ಅಮ್ಮ," ಎಂದರು ಅವರು.

ಮೂರನೆಯ ದಿನ ಅವನಿಗೆ ಸ್ವಲ್ಪ ಎಚ್ಚರ ಬಂತು. ಮುಬಾರಕ್ ಬಂದು ನಿಂತಿದ್ದ. "ಅಡಿಗೆ ಆಯ್ತಾ?" ಎಂದ ಲಾಲ್‌ಸಾಬ. ಆಯಿತು, ಎಲ್ಲರೂ ಹೊಗಳಿದರು ಎಂದ ಮುಬಾರಕ್. ಲಾಲ್‌ಸಾಬ ತಲೆಯಾಡಿಸಿ ಕಣ್ಣು ಮುಚ್ಚಿದ.

ಹಜೀರಾ ಮೈದುನನನ್ನು ಹೊರಗೆ ಕರೆದು ಕೇಳಿದಳು. "ದಸ್ತಗೀರ್‌ಸಾಬರಿಗೆ ಹೇಳಿದ್ಯೇನಪ್ಪ, ನಿಮ್ಮಣ್ಣ ಕುಡಿದಿರಲಿಲ್ಲ ಅಂತ?"

ಮುಬಾರಕ್ ನೆಲ ನೋಡಿದ. "ಮದುವೆ ಮನೆಯಾಗೆ ಆ ಮಾತು ಯಾಕೆ ಭಾಬಿ ಅಂತ... ಸುಮ್ಮನಿದ್ದೆ."

ಅವಳು ಅವನನ್ನು ಬಯ್ಯಲಿಲ್ಲ. ಬಯ್ಯುವ ಹಕ್ಕು ತನಗೆಲ್ಲಿದೆ ಎನ್ನಿಸಿತು. ಗಂಡನ ಹತ್ತಿರ ಒಳಗೆ ಹೋಗಿ, ಅವನ ಕಿವಿಯಲ್ಲಿ ಬಗ್ಗಿ, "ನಾನು ಹಂಗೆ ಮೂಸಬಾರದಾಗಿತ್ತು. ಆವತ್ತು ಬೆಳ್ಳುಳ್ಳಿ ಸುಲಿಯುವಾಗ ಹಂಗೆ ಕೇಳಬಾರದಾಗಿತ್ತು" ಎಂದಳು. ಆಗ ಅವನು ಮತ್ತೆ ಮಂಪರಿಗೆ ಇಳಿದಿದ್ದ. ಇನ್ನೆರಡು ದಿನ ಉಸಿರಿತ್ತು. ಆಮೇಲೆ ಅದೂ ಹೋಯಿತು.

ಚನ್ನಗಿರಿಯಲ್ಲಿ ಮಣ್ಣಾಯಿತು. ಜನ ಬಹಳ ಬಂದಿದ್ದರು. ಎಷ್ಟಾದರೂ ಅವರ ಮನೆಯ ಮದುವೆಗಳಲ್ಲಿ ಅವನ ಅನ್ನ ತಿಂದವರು. ಸತ್ತವರಿಗಾಗಿ ಮೂರನೆಯ ದಿನ ಪ್ರಾರ್ಥನೆ ಮಾಡುವ ಜಿಯಾರತ್ತಿಗೆ ಬುಡೇನ್‌ಸಾಬರೂ ಬಂದು ಪಡಸಾಲೆಯಲ್ಲಿ ಕೂತರು. ಹಜೀರಾ ಇದ್ದತ್ತಿನಲ್ಲಿದ್ದಳು, ಗಂಡ ಸತ್ತ ಹೆಣ್ಣು ಆ ತಿಂಗಳುಗಳಲ್ಲಿ ಹೊರಗಿನವರ ಎದುರು ಬರುವಂತಿಲ್ಲ. ಪರದೆಯ ಆಚೆಯಿಂದ ಅವರ ಮಾತು ಕೇಳುತ್ತಿತ್ತು. "ಒಳ್ಳೆ ಕೈ ಇತ್ತು. ಚಟ ಒಂದು ಇರಲಿಲ್ಲ ಅಂದಿದ್ರೆ..." ಎಂದರು ಅವರು, ನಿಜವಾದ ಮರುಕದಿಂದಲೇ.

"ಅವರು ಕುಡಿದವರಲ್ರೀ," ಎಂದಳು ಹಜೀರಾ ಪರದೆಯ ಒಳಗಿನಿಂದ. "ಸಕ್ಕರೆಯಿಂದ, ಕೊಬ್ಬಿನಿಂದ ಬಂದಿದ್ದು. ದಾವಣಗೆರೆ ಡಾಕ್ಟ್ರನ್ನ ಕೇಳ್ರಿ."

ಪಡಸಾಲೆಯಿಂದ ಬುಡೇನ್‌ಸಾಬರ ದನಿ ಬಂತು. "ಇರ್ಲಿ ಬಿಡಮ್ಮ, ಇನ್ನು ಅದೆಲ್ಲ ಯಾಕೆ? ಅಲ್ಲಾ ಮಾಫ್ ಮಾಡ್ತಾನೆ."

"ಮಾಫ್ ಮಾಡಾಕೆ ಅವರೇನು ತಪ್ಪು ಮಾಡಿದ್ರು?" ಎಂದು ಅವಳು ಕೂಗಿದಳು. ಬಂದವರು ಫಾತಿಹಾ ಓದಿ ಎದ್ದು ಹೋದರು.

ಇದ್ದತ್ತು ಮುಗಿದದ್ದೇ ಹಜೀರಾ, ದಾವಣಗೆರೆಗೆ ಹೋಗಿ ತೋರಿಸಿಕೋ ಎಂದು ಫಯಾಜನ ಬೆನ್ನು ಹತ್ತಿದಳು. ಅವನಿಗೆ ಹೊನ್ನಾಳಿಯಲ್ಲಿ ಹೆಣ್ಣು ನೋಡಿಯಾಗಿತ್ತು, ಮಾತು ಅರ್ಧಕ್ಕೆ ನಿಂತಿತ್ತು. "ಈಗ ಲಿವರ್ ತೋರಿಸಾಕೆ ಹೋದ್ರೆ ಊರೆಲ್ಲ ಮತ್ತೆ ಶುರು ಮಾಡ್ತಾರಮ್ಮ. ಮದುವೆ ಆದ ಮ್ಯಾಲೆ ನೋಡೋಣ" ಎಂದ. ಅವಳು ಊಟ ಬಿಟ್ಟಳು. ಅವನು ಸೋತು ಬಂದ. ಟಾರ್ಚಿನಂಥ ಯಂತ್ರವೊಂದನ್ನು ಪಕ್ಕೆಗೆ ಒತ್ತಿ ನೋಡಿ ರಕ್ಷಾ ಡಾಕ್ಟರು ಹೇಳಿದರು, ಇದೆ, ಅದೇ ಕಾಯಿಲೆ. ಆದರೆ ಲಿವರ್ ಇನ್ನೂ ಮೆತ್ತಗಿದೆ. ನಡೆಯಬೇಕು, ತೂಕ ಇಳಿಸಬೇಕು, ಸಕ್ಕರೆ ಬರದಂತೆ ನೋಡಿಕೊಳ್ಳಬೇಕು. ಇದು ಹಿಂದಕ್ಕೆ ಹೋಗುವ ಹಂತ.

"ಹೊನ್ನಾಳಿಯೋರು ಕೇಳಿದ್ರೆ ಏನ್ ಹೇಳ್ಲಿ?" ಎಂದು ಫಯಾಜ್ ವಾಪಸ್ ಬರುವ ಬಸ್ಸಿನಲ್ಲಿ ಕೇಳಿದ. "ಅಪ್ಪನ ಕಾಯಿಲೆನೇ ಅಂದ್ರೆ ಅವರು ಏನ್ ತಿಳ್ಕೊಂತಾರೆ ಅಂತ ನಿನಗೆ ಗೊತ್ತಿಲ್ವಾ?"

"ನೀನು ಹೇಳಬ್ಯಾಡ. ನಾನು ಹೇಳ್ತೀನಿ."

ಮರುವಾರ ಅವಳು ಒಬ್ಬಳೇ ಹೊನ್ನಾಳಿಗೆ ಹೋದಳು. ಹುಡುಗಿಯ ತಾಯಿ ಮಸರತ್ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಹಜೀರಾ ಮೊದಲಿನಿಂದ ಹೇಳಿದಳು. ಟೀ ಅಂಗಡಿ, ಹಳೆಯ ಹೆಸರು, ಹೊಸ ಹೆಸರು, ಆಮೇಲೆ ಜಗಳೂರಿನ ಬಸ್ ಸ್ಟ್ಯಾಂಡು. ಮಗನಿಗೂ ಅದೇ ಶುರುವಾಗಿದೆ ಎಂದಳು. ತಾನು ಎರಡು ಸಲ ಅನುಮಾನಪಟ್ಟದ್ದನ್ನೂ ಬಿಡದೆ ಹೇಳಿದಳು. ಹೇಳುವಾಗ ಅಳಲಿಲ್ಲ.

ಮಸರತ್ ಬಳೆ ತಿರುಗಿಸುತ್ತ ಎಲ್ಲ ಕೇಳಿದಳು. ಕೆಟ್ಟ ಹೆಣ್ಣಲ್ಲ. "ಅಕ್ಕಾ, ಕಟ್ಕೊಂಡ ನಿಮಗೇ ಅನುಮಾನ ಬಂದಿತ್ತು ಅಂದ್ರೆ, ಬೀದಿಯೋರು ನಾವು ಹೆಂಗೆ ನಂಬಬೇಕು?" ಎಂದಳು.

"ನಾನು ನಂಬಲಿಲ್ಲ," ಎಂದಳು ಹಜೀರಾ. "ನಂಬಿದ್ರೆ ಕೈ ಹಿಡಿದು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ. ಅವರು ಬದುಕ್ತಿದ್ರು. ನಿಮ್ಮ ಮಗಳು ಹಂಗೆ ಮಾಡಬಾರದು ಅಂತ ಬಂದೆ."

ಯೋಚನೆ ಮಾಡಿ ಹೇಳುತ್ತೇವೆ ಎಂದರು. ತಿಂಗಳು ಕಳೆದರೂ ಹೇಳಿ ಕಳಿಸಲಿಲ್ಲ. ಹಜೀರಾ ಕೇಳಿ ಕಳಿಸಲೂ ಇಲ್ಲ. ಫಯಾಜ್ ಬೆಳಗ್ಗೆ ಎದ್ದು ಕೆರೆಬಿಳಚಿಯ ರಸ್ತೆಯಲ್ಲಿ ನಡೆದು ಬರುತ್ತಾನೆ. ಎಣ್ಣೆ ಕಡಿಮೆ ಹಾಕಿದ ಪಲ್ಯ, ರಾಗಿ ರೊಟ್ಟಿ ಮುಂದಿಟ್ಟರೆ ಮಾತಾಡದೆ ತಿನ್ನುತ್ತಾನೆ. ಪ್ಯಾಂಟು ಸೊಂಟದಲ್ಲಿ ಸಡಿಲವಾಗಿದೆ. ಟೈರ್ ಅಂಗಡಿಗೆ ಬಂದವರು ಯಾಕೋ ಸೊರಗಿದ್ದೀಯ, ಮೈಗೆ ಹುಷಾರಿಲ್ಲವಾ ಎಂದು ಕೇಳುತ್ತಾರಂತೆ. ಕೇಳಿ, ಕೆಂಪಾಗಿವೆಯೋ ಎಂದು ಅವನ ಕಣ್ಣನ್ನೇ ನೋಡುತ್ತಾರಂತೆ.